ಕಚೇರಿಯ ನೆಟ್‌ವರ್ಕು ನಿಂತಾಗ ದೋಷ ಹುಡುಕುವ ಕ್ರಮ

ಕಚೇರಿಯಲ್ಲಿ "ನೆಟ್ ಹೋಯಿತು" ಎಂಬ ಕೂಗು ಎದ್ದೊಡನೆ ಸಾಮಾನ್ಯವಾಗಿ ಎರಡು ಸಂಗತಿಗಳು ನಡೆಯುತ್ತವೆ. ಒಂದು, ಯಾರೋ ಒಬ್ಬರು ಎದ್ದುಹೋಗಿ ಕೈಗೆ ಸಿಕ್ಕ ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚುತ್ತಾರೆ. ಎರಡು, ಕೊನೆಯಲ್ಲಿ ಯಾರು ಆ ಕಂಪ್ಯೂಟರನ್ನು ಮುಟ್ಟಿದ್ದರೋ ಆ ಕಾರಕೂನನ ಮೇಲೆ ತಪ್ಪು ಬೀಳುತ್ತದೆ. ಮೊದಲನೆಯದರಿಂದ ದೋಷ ಎಲ್ಲಿತ್ತೆಂಬ ಗುರುತೇ ಅಳಿಸಿಹೋಗುತ್ತದೆ. ಎರಡನೆಯದರಿಂದ ನಿರಪರಾಧಿ ಮಾತು ಕೇಳಬೇಕಾಗುತ್ತದೆ. ಪ್ರಾವಿಡೆಂಟ್ ಫಂಡಿನ ಹಣ ತುಂಬುವ 15ನೆಯ ತಾರೀಖಿನಂದೋ, ಪಗಾರದ ಪಟ್ಟಿ ಬ್ಯಾಂಕಿಗೆ ಕಳುಹಿಸುವ ದಿನವೋ ಹೀಗಾದರೆ ಅದರ ಪೆಟ್ಟು ಕಚೇರಿಯವರಿಗೆ ಮಾತ್ರವಲ್ಲ, ಪಗಾರಕ್ಕಾಗಿ ಕಾದು ಕುಳಿತವರೆಲ್ಲರಿಗೂ ತಗಲುತ್ತದೆ.

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಹಳ ಮಂದಿ ಗಿರಣಿ, ಗೋದಾಮು, ಸಾರಿಗೆ ಕಂಪನಿ, ಹೋಟೆಲು, ಲೆಕ್ಕಪತ್ರದ ಕಚೇರಿಗಳಲ್ಲಿ ದುಡಿಯುವವರು. ಅಂಥ ಕಡೆಗಳಲ್ಲಿ ಐದರಿಂದ ಇಪ್ಪತ್ತು ಕಂಪ್ಯೂಟರುಗಳಿರುತ್ತವೆ. ಅವುಗಳ ಜಾಲವನ್ನು ನೋಡಿಕೊಳ್ಳಲೆಂದೇ ನೇಮಿಸಿದ ಇಂಜಿನಿಯರರು ಇರುವುದಿಲ್ಲ. ರಿಪೇರಿಯವನಿಗೆ ಫೋನು ಮಾಡಿದರೆ ನಾಳೆ ಬರುತ್ತೇನೆ ಎನ್ನುತ್ತಾನೆ. ಆದುದರಿಂದ ಆ ನಾಳೆಯವರೆಗೆ ನಮ್ಮ ಕೈಯಿಂದ ಏನಾದೀತು, ಏನು ಮಾಡಕೂಡದು ಎಂಬುದನ್ನು ಈ ಪಾಠದಲ್ಲಿ ಹೇಳುತ್ತೇವೆ. ಮೆಟ್ರಿಕ್ಕಿನವರೆಗೆ ಓದಿದವರಿಗೆ ಇದು ಕಠಿಣವಲ್ಲ. ಬೇಕಾದದ್ದು ಜಾಣತನಕ್ಕಿಂತ ಹೆಚ್ಚಾಗಿ ಕ್ರಮ. ಇಡೀ ಪಾಠದ ಸಾರ ಒಂದೇ ನಿಯಮದಲ್ಲಿದೆ: ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸತಕ್ಕದ್ದು, ಬದಲಿಸಿದ ಮೇಲೆ ಏನಾಯಿತೆಂದು ನೋಡಿ ಬರೆದಿಡತಕ್ಕದ್ದು.

1. ಸಾಮಾನುಗಳ ಪರಿಚಯ

ಚಿಕ್ಕ ಕಚೇರಿಯ ಜಾಲದಲ್ಲಿ ಮುಖ್ಯವಾಗಿ ಐದು ವಸ್ತುಗಳುಂಟು. ಮೊದಲನೆಯದು ರೌಟರು, ಹೊರಗಿನ ಇಂಟರ್‌ನೆಟ್ಟಿಗೂ ಒಳಗಿನ ಕಂಪ್ಯೂಟರುಗಳಿಗೂ ನಡುವೆ ಇರುವ ಬಾಗಿಲು ಇದು. ಎರಡನೆಯದು ಸ್ವಿಚ್ಚು. ದೀಪ ಹಾಕುವ ಗೋಡೆಯ ಸ್ವಿಚ್ಚೆಂದು ಭಾವಿಸಬಾರದು. ಸಾಲಾಗಿ 5, 8, 16 ಅಥವಾ 24 ರಂಧ್ರಗಳಿರುವ ಪೆಟ್ಟಿಗೆ ಇದು. ಆ ರಂಧ್ರಕ್ಕೆ ಪೋರ್ಟು ಎನ್ನುತ್ತಾರೆ. ಮೂರನೆಯದು ಕೇಬಲ್ಲು ಮತ್ತು ಅದರ ಎರಡು ತುದಿಗಳಲ್ಲಿರುವ ಪಾರದರ್ಶಕ ಪ್ಲಾಸ್ಟಿಕ್ಕಿನ ಆರ್‌ಜೆ-45 ಕನೆಕ್ಟರು. ನಾಲ್ಕನೆಯದು ಕಂಪ್ಯೂಟರಿನೊಳಗಿನ ನೆಟ್‌ವರ್ಕ್ ಕಾರ್ಡು. ಈಗ ಇದು ಬಹುಮಟ್ಟಿಗೆ ಮುಖ್ಯ ಹಲಗೆಯಲ್ಲೇ ಸೇರಿರುತ್ತದೆ. ಐದನೆಯದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ: ರೌಟರಿಗೂ ಸ್ವಿಚ್ಚಿಗೂ ವಿದ್ಯುತ್ತು ಕೊಡುವ ಕರಿಯ ಅಡಾಪ್ಟರು. ದೋಷ ಹುಡುಕುವಾಗ ಇದನ್ನು ಮರೆತವರು ಬಹಳ ಅಲೆಯಬೇಕಾಗುತ್ತದೆ.

2. ಮೊದಲ ಪ್ರಶ್ನೆ: ಒಬ್ಬರಿಗೋ, ಎಲ್ಲರಿಗೋ?

ಯಾವ ವೈರನ್ನೂ ಮುಟ್ಟುವ ಮೊದಲು ಕುಳಿತಲ್ಲಿಂದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಒಬ್ಬರದು ಮಾತ್ರ ನಿಂತಿದ್ದರೆ ದೋಷ ಅವರ ಕಂಪ್ಯೂಟರು, ಅವರ ಕೇಬಲ್ಲು ಅಥವಾ ಆ ಕೇಬಲ್ಲು ಸೇರಿರುವ ಪೋರ್ಟಿನಲ್ಲಿದೆ. ಒಂದು ಕೋಣೆಯವರೆಲ್ಲರದು ನಿಂತಿದ್ದರೆ ಆ ಕೋಣೆಯ ಸ್ವಿಚ್ಚು, ಅದರ ಅಡಾಪ್ಟರು ಅಥವಾ ಅಲ್ಲಿಗೆ ಬರುವ ಮುಖ್ಯ ಕೇಬಲ್ಲನ್ನು ಸಂಶಯಿಸಬೇಕು. ಎಲ್ಲರಿಗೂ ಹೊರಗಿನ ಇಂಟರ್‌ನೆಟ್ಟು ಇಲ್ಲ, ಆದರೆ ಒಳಗಿನ ಪ್ರಿಂಟರು ಮಾತ್ರ ಕೆಲಸ ಮಾಡುತ್ತಿದೆ ಎಂದಾದರೆ ಒಳಗಿನ ಜಾಲ ನೆಟ್ಟಗಿದೆ. ರೌಟರನ್ನೋ ಹೊರಗಿನ ಲೈನನ್ನೋ ನೋಡಬೇಕು.

ಈ ಪ್ರಶ್ನೆ ಇಷ್ಟು ಉಪಯುಕ್ತವಾದುದಕ್ಕೆ ಒಂದು ಇತಿಹಾಸವಿದೆ. ಈಥರ್‌ನೆಟ್ ಎಂಬ ಪದ್ಧತಿಯನ್ನು ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು 1973ರಲ್ಲಿ ಯೋಚಿಸಿ, ಡೇವಿಡ್ ಬಾಗ್ಸ್ ಅವರೊಡನೆ ಕಟ್ಟಿದರು. ಮೊದಮೊದಲು ಎಲ್ಲ ಯಂತ್ರಗಳೂ ಒಂದೇ ಉದ್ದನೆಯ ಕೇಬಲ್ಲಿಗೆ, ಹಗ್ಗಕ್ಕೆ ಬಟ್ಟೆ ನೇತುಹಾಕಿದಂತೆ, ಅಂಟಿಕೊಂಡಿರುತ್ತಿದ್ದವು. ಹಗ್ಗ ಒಂದು ಕಡೆ ಕಡಿದರೆ ಎಲ್ಲ ಬಟ್ಟೆಗಳೂ ನೆಲಕ್ಕೆ. 1990ರಲ್ಲಿ ಹೆಣೆದ ತಂತಿಯ ಕೇಬಲ್ಲಿಗೆ ನಿಯಮ ಬಂದ ಮೇಲೆ ಪ್ರತಿಯೊಂದು ಮೇಜಿನಿಂದಲೂ ನಡುವಿನ ಪೆಟ್ಟಿಗೆಗೆ ಬೇರೆ ಬೇರೆ ಕೇಬಲ್ಲು ಹಾಕುವ ರೂಢಿ ನೆಲೆಗೊಂಡಿತು. ಅಂದಿನಿಂದ ಒಬ್ಬರ ಕೇಬಲ್ಲು ಕೆಟ್ಟರೆ ಅವರದಷ್ಟೇ ನಿಲ್ಲುತ್ತದೆ. ಆದುದರಿಂದಲೇ ಎಷ್ಟು ಜನರದು ನಿಂತಿದೆ ಎಂಬುದನ್ನು ಎಣಿಸಿದರೆ ದೋಷ ಯಾವ ದಿಕ್ಕಿನಲ್ಲಿದೆ ಎಂದು ಅರ್ಧ ತಿಳಿದಂತೆಯೇ.

ಇದರೊಡನೆ ಇನ್ನೆರಡು ಪ್ರಶ್ನೆ ಕೇಳಬೇಕು. ಯಾವಾಗಿನಿಂದ? ನಿನ್ನೆಯಿಂದ ಇಂದಿನವರೆಗೆ ಏನು ಬದಲಾಯಿತು? ಮೇಜು ಸರಿಸಿದರೇ, ಬಣ್ಣ ಬಳಿದರೇ, ಸಿಡಿಲು ಬಡಿಯಿತೇ, ಯಾರಾದರೂ ಹೊಸ ಪೆಟ್ಟಿಗೆ ತಂದರೇ? ಕಸ ಗುಡಿಸುವ ಬಾಯಿಯನ್ನೂ ಸಿಪಾಯಿಯನ್ನೂ ಈ ಮಾತು ಕೇಳಬೇಕು. ಗದರಿಸಿ ಕೇಳಿದರೆ ಯಾರೂ ಹೇಳಲಾರರು; ಸಮಾಧಾನದಿಂದ ಕೇಳಿದರೆ ಮೇಜಿನ ಕೆಳಗೆ ಏನಾಯಿತೆಂಬುದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

3. ದೀಪಗಳನ್ನು ಓದುವುದು

ಸ್ವಿಚ್ಚಿನ ಪ್ರತಿಯೊಂದು ಪೋರ್ಟಿಗೂ ಒಂದು ಅಥವಾ ಎರಡು ಸಣ್ಣ ದೀಪಗಳಿರುತ್ತವೆ. ಬಣ್ಣದ ಅರ್ಥ ಒಂದೊಂದು ತಯಾರಕರಿಗೆ ಒಂದೊಂದು. ಅದಕ್ಕೆ ಪೆಟ್ಟಿಗೆಯ ಮೇಲಿನ ಅಥವಾ ಪುಸ್ತಿಕೆಯ ಬರಹವನ್ನು ನೋಡಬೇಕು. ಆದರೆ ಸಾಮಾನ್ಯ ಮಾತು ಹೀಗಿದೆ: ದೀಪ ಸ್ಥಿರವಾಗಿ ಉರಿದರೆ ಎರಡು ತುದಿಗಳೂ ಒಂದನ್ನೊಂದು ಗುರುತಿಸಿವೆ; ಮಿಣುಕಿದರೆ ಮಾಹಿತಿ ಹರಿಯುತ್ತಿದೆ; ಆರಿದ್ದರೆ ಸಂಬಂಧವೇ ಇಲ್ಲ. ಕಂಪ್ಯೂಟರು ಚಾಲೂ ಇದ್ದೂ ದೀಪ ಆರಿದ್ದರೆ ಕೇಬಲ್ಲು, ಪೋರ್ಟು, ಕಾರ್ಡು ಈ ಮೂರರಲ್ಲಿ ಒಂದು ಕೆಟ್ಟಿದೆ. ದೀಪ ಉರಿದು ಆರಿ, ಉರಿದು ಆರಿ ಮಾಡುತ್ತಿದ್ದರೆ ಕನೆಕ್ಟರು ಸಡಿಲವಾಗಿರುವ ಸಂಭವ ಹೆಚ್ಚು.

ಈ ಮೂರರಲ್ಲಿ ಯಾವುದೆಂದು ತಿಳಿಯಲು ಈ ಕ್ರಮ ಅನುಸರಿಸಿರಿ. ಮೊದಲು ಸ್ವಿಚ್ಚಿನ ತುದಿಯ ಕನೆಕ್ಟರನ್ನು ತೆಗೆದು, ಸರಿಯಾಗಿ ಕೆಲಸ ಮಾಡುತ್ತಿದ್ದ ಬೇರೊಂದು ಪೋರ್ಟಿಗೆ ಹಾಕಿ ನೋಡಿರಿ. ದೀಪ ಬಂದರೆ ಹಳೆಯ ಪೋರ್ಟು ಕೆಟ್ಟಿದೆ. ಅದರ ಮೇಲೆ ಕಾಗದದ ಚೀಟಿ ಅಂಟಿಸಿ. ಬರದಿದ್ದರೆ ಅದನ್ನು ಮೊದಲಿನ ಪೋರ್ಟಿಗೇ ಮರಳಿ ಹಾಕಿ, ಎರಡನೆಯ ಹೆಜ್ಜೆಯಾಗಿ ಒಳ್ಳೆಯದೆಂದು ಗೊತ್ತಿರುವ ಇನ್ನೊಂದು ಕೇಬಲ್ಲನ್ನು ಹಾಕಿ. ಆಗ ಬಂದರೆ ಕೇಬಲ್ಲು ಕೆಟ್ಟಿದೆ. ಆಗಲೂ ಬಾರದಿದ್ದರೆ ಆ ಮೇಜಿಗೆ ಒಂದು ಲ್ಯಾಪ್‌ಟಾಪ್ ತಂದು ಅದೇ ಕೇಬಲ್ಲಿಗೆ ಜೋಡಿಸಿ. ಲ್ಯಾಪ್‌ಟಾಪಿನಲ್ಲಿ ದೀಪ ಬಂದರೆ ಕಂಪ್ಯೂಟರಿನ ಕಾರ್ಡು ಕೆಟ್ಟಿದೆ ಅಥವಾ ಅದನ್ನು ಯಾರೋ ಬಂದ್ ಮಾಡಿದ್ದಾರೆ. ಕಾರ್ಡು ಕೆಟ್ಟರೆ ಕಂಪ್ಯೂಟರನ್ನೇ ಎಸೆಯಬೇಕಾಗಿಲ್ಲ. ಯುಎಸ್‌ಬಿ ರಂಧ್ರಕ್ಕೆ ಸಿಕ್ಕಿಸುವ ನೆಟ್‌ವರ್ಕ್ ಅಡಾಪ್ಟರು ಅಗ್ಗದ ಬೆಲೆಗೆ ಸಿಗುತ್ತದೆ.

ದಾರಿ ಉದ್ದವಾಗಿದ್ದರೆ, ಅಂದರೆ ಮೇಜಿನಿಂದ ಗೋಡೆಯ ಪೆಟ್ಟಿಗೆ, ಅಲ್ಲಿಂದ ಮಾಳಿಗೆ, ಅಲ್ಲಿಂದ ಸ್ವಿಚ್ಚು ಎಂದಿದ್ದರೆ, ಲ್ಯಾಪ್‌ಟಾಪನ್ನು ನಡುವಿನ ಜಾಗಕ್ಕೇ ಒಯ್ದು ನೋಡಿ. ಅಲ್ಲಿ ಸರಿಯಿದ್ದರೆ ದೋಷ ಈಚೆಯ ಅರ್ಧದಲ್ಲಿದೆ, ಇಲ್ಲದಿದ್ದರೆ ಆಚೆಯ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಕಡಿಯುತ್ತ ಹೋದರೆ ಎರಡು ಮೂರು ಸಲದಲ್ಲೇ ಜಾಗ ಸಿಕ್ಕುತ್ತದೆ.

4. ಕೇಬಲ್ಲಿನ ರೋಗಗಳು

ಜಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ತುಳಿತಕ್ಕೆ ಸಿಗುವ ವಸ್ತು ಕೇಬಲ್ಲು. ಕುರ್ಚಿಯ ಗಾಲಿ ಅದರ ಮೇಲೆ ಹರಿಯುತ್ತದೆ, ಬಾಗಿಲು ಅದನ್ನು ಹಿಸುಕುತ್ತದೆ, ಇಲಿ ಕಡಿಯುತ್ತದೆ. ಕನೆಕ್ಟರಿನ ಸಣ್ಣ ಪ್ಲಾಸ್ಟಿಕ್ ನಾಲಿಗೆ ಮುರಿದರೆ ಅದು ಪೋರ್ಟಿನಲ್ಲಿ ಕಚ್ಚಿ ನಿಲ್ಲದು. ಮೇಜು ಅಲುಗಿದಾಗಲೆಲ್ಲ ಸಂಬಂಧ ತಪ್ಪುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಕಿಟಕಿಯ ಬಳಿಯಿರುವ ಕನೆಕ್ಟರಿನ ಒಳಗಿನ ಲೋಹಕ್ಕೆ ಹಸಿರು ಕಿಲುಬು ಹಿಡಿಯುವುದೂ ಉಂಟು.

ಕೇಬಲ್ಲಿನೊಳಗೆ ಎಂಟು ತಂತಿಗಳಿವೆ. ಎರಡೆರಡನ್ನು ಹುರಿಯಂತೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಈ ಹೊಸೆತ ಅಲಂಕಾರಕ್ಕಲ್ಲ. ಹೊರಗಿನ ವಿದ್ಯುತ್ತಿನ ಗದ್ದಲ ಜೋಡಿಯ ಎರಡು ತಂತಿಗಳಿಗೂ ಸಮನಾಗಿ ತಾಗುತ್ತದೆ. ಕೊನೆಯಲ್ಲಿರುವ ಯಂತ್ರ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಆ ಗದ್ದಲ ಕಳೆದುಹೋಗುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ ಅವರು 1881ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದರು. ಆದುದರಿಂದ ಕನೆಕ್ಟರು ಹಾಕುವಾಗ ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಕೂಡದು. ಹಾಗೆಯೇ ಮೋಟಾರಿನ ಲೈನಿಗೋ ಟ್ಯೂಬುಲೈಟಿಗೋ ಅಂಟಿಸಿ ಕೇಬಲ್ಲನ್ನು ಉದ್ದಕ್ಕೂ ಎಳೆಯಕೂಡದು.

ಕನೆಕ್ಟರಿನ ನಾಲಿಗೆ ಕೆಳಗೆ, ಲೋಹದ ಹಲ್ಲುಗಳು ಮೇಲೆ ಇರುವಂತೆ, ತಂತಿ ತೂರುವ ಬಾಯಿ ನಮ್ಮ ಕಡೆಗಿರುವಂತೆ ಹಿಡಿದು ಎಡದಿಂದ ಎಣಿಸಿದರೆ ಹೆಚ್ಚಾಗಿ ಬಳಸುವ ಕ್ರಮ ಹೀಗಿದೆ: 1 ಬಿಳಿ-ಕಿತ್ತಳೆ, 2 ಕಿತ್ತಳೆ, 3 ಬಿಳಿ-ಹಸಿರು, 4 ನೀಲಿ, 5 ಬಿಳಿ-ನೀಲಿ, 6 ಹಸಿರು, 7 ಬಿಳಿ-ಕಂದು, 8 ಕಂದು. ಎರಡು ತುದಿಗಳಲ್ಲೂ ಇದೇ ಕ್ರಮವಿರಬೇಕು.

ಇಲ್ಲಿ ಒಂದು ಮೋಸವಿದೆ, ಗಮನವಿಟ್ಟು ಓದಬೇಕು. ಹಸಿರು ಜೋಡಿಯ ಒಂದು ತಂತಿ 3ರಲ್ಲಿ, ಇನ್ನೊಂದು 6ರಲ್ಲಿ ಇರುವುದನ್ನು ಕಂಡು, "ಇದೇನು ಅವ್ಯವಸ್ಥೆ" ಎಂದು ಕೆಲವರು ಜೋಡಿ ಜೋಡಿಯಾಗಿ ಪಕ್ಕಪಕ್ಕದಲ್ಲೇ ಸೇರಿಸುತ್ತಾರೆ. ಎರಡೂ ತುದಿಗಳಲ್ಲಿ ಹಾಗೆಯೇ ಮಾಡಿದ್ದರೆ ಅಗ್ಗದ ಟೆಸ್ಟರಿನಲ್ಲಿ 1ರಿಂದ 8ರವರೆಗೆ ಎಲ್ಲ ದೀಪಗಳೂ ಸಾಲಾಗಿ ಉರಿಯುತ್ತವೆ. ಆದರೂ ಕೇಬಲ್ಲು ಕೆಟ್ಟದ್ದೇ. ಯಂತ್ರಗಳು 3 ಮತ್ತು 6ನ್ನು ಒಂದು ಜೋಡಿಯೆಂದು ನಂಬಿ ನಡೆಯುತ್ತವೆ. ಅಲ್ಲಿರುವುದು ಬೇರೆ ಬೇರೆ ಜೋಡಿಯ ತಂತಿಗಳಾದರೆ ಹೊಸೆತದ ಲಾಭ ಇಲ್ಲದಂತಾಗಿ ಒಂದರ ಮಾತು ಇನ್ನೊಂದರಲ್ಲಿ ಕೇಳುತ್ತದೆ. ಚಿಕ್ಕ ಕೇಬಲ್ಲಿನಲ್ಲಿ ಗೊತ್ತಾಗದು. ಉದ್ದವಾದರೆ ಕೆಲಸ ಕುಂಟುತ್ತದೆ. ಟೆಸ್ಟರು ತಂತಿ ಕೂಡಿದೆಯೇ ಎಂದಷ್ಟೇ ಹೇಳುತ್ತದೆ. ಬಣ್ಣವನ್ನು ಕಣ್ಣೇ ನೋಡಬೇಕು.

ಇನ್ನೊಂದು ಲಕ್ಷಣ: ನೆಟ್ಟು ನಿಂತಿಲ್ಲ, ಆದರೆ ಒಬ್ಬರದು ಮಾತ್ರ ನಿಧಾನ. ಸೆಕೆಂಡಿಗೆ 100 ಮೆಗಾಬಿಟ್ಟಿನ ವೇಗಕ್ಕೆ 1, 2, 3, 6 ಈ ನಾಲ್ಕು ತಂತಿಗಳು ಸಾಕು. 1000 ಮೆಗಾಬಿಟ್ಟಿಗೆ ಎಂಟೂ ಬೇಕು. ಮಿಕ್ಕ ನಾಲ್ಕರಲ್ಲಿ ಒಂದು ಕಡಿದಿದ್ದರೆ ಅನೇಕ ಯಂತ್ರಗಳು ಮೌನವಾಗಿ 100ಕ್ಕೆ ಇಳಿದು ಕೆಲಸ ಸಾಗಿಸುತ್ತವೆ. ಕಂಪ್ಯೂಟರಿನ ನೆಟ್‌ವರ್ಕ್ ಸ್ಥಿತಿಯ ಪರದೆಯಲ್ಲಿ ವೇಗ ಎಷ್ಟೆಂದು ಬರೆದಿರುತ್ತದೆ. ಎಲ್ಲರದು 1000 ಇದ್ದು ಒಬ್ಬರದು 100 ಇದ್ದರೆ ಮೊದಲು ಅವರ ಕೇಬಲ್ಲನ್ನು ಬದಲಿಸಿ ನೋಡಿ.

ಕೊಳ್ಳುವಾಗ ಎರಡು ಎಚ್ಚರಿಕೆ. ಒಂದು, ಸ್ವಿಚ್ಚಿನಿಂದ ಕಂಪ್ಯೂಟರಿನವರೆಗೆ ಒಟ್ಟು ಉದ್ದ 100 ಮೀಟರನ್ನು ಮೀರಕೂಡದು. ಎರಡು, ಲ್ಯಾಮಿಂಗ್ಟನ್ ರಸ್ತೆಯಂಥ ಪೇಟೆಯಲ್ಲಿ ಒಂದೇ ಹೆಸರಿನ ಕೇಬಲ್ಲು ಎರಡು ದರಕ್ಕೆ ಸಿಕ್ಕಿದರೆ, ಅಗ್ಗದ್ದರ ತಂತಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದು ಹಗುರ, ಬಗ್ಗಿಸಿದರೆ ಬೇಗ ಮುರಿಯುತ್ತದೆ, ಕೇಬಲ್ಲಿನ ಮೂಲಕವೇ ವಿದ್ಯುತ್ತು ಹರಿಯುವ ಕ್ಯಾಮರಾಗಳಿಗೆ ಹಾಕಿದರೆ ಹೆಚ್ಚು ಕಾಯುತ್ತದೆ.

5. ಸ್ವಿಚ್ಚು ಮತ್ತು ಅಡಾಪ್ಟರು

ಸ್ವಿಚ್ಚಿನ ಎಲ್ಲ ದೀಪಗಳೂ ಆರಿದ್ದರೆ ಸ್ವಿಚ್ಚು ಸತ್ತಿತೆಂದು ತೀರ್ಮಾನಿಸಬಾರದು. ಮೊದಲು ಗೋಡೆಯ ಪ್ಲಗ್ಗಿಗೆ ಮೊಬೈಲಿನ ಚಾರ್ಜರು ಹಾಕಿ ವಿದ್ಯುತ್ತು ಇದೆಯೇ ನೋಡಿ. ಆಮೇಲೆ ಅಡಾಪ್ಟರನ್ನು ಸಂಶಯಿಸಿ. ಬದಲಿ ಅಡಾಪ್ಟರು ಹಾಕುವಾಗ ಮೂರು ಬರಹಗಳನ್ನು ಓದಬೇಕು. ವೋಲ್ಟು ಹಳೆಯದರಷ್ಟೇ ಇರಬೇಕು. ಆಂಪಿಯರು ಹಳೆಯದರಷ್ಟೋ ಅದಕ್ಕಿಂತ ಹೆಚ್ಚೋ ಇರಬಹುದು, ಕಡಿಮೆ ಕೂಡದು. ಪಿನ್ನಿನ ನಡುವೆ ಧನವೋ ಋಣವೋ ಎಂಬ ಚಿಹ್ನೆ ಒಂದೇ ಆಗಿರಬೇಕು. ಪಿನ್ನು ಹಿಡಿಸಿತೆಂಬ ಮಾತ್ರಕ್ಕೆ 5 ವೋಲ್ಟಿನ ಸ್ವಿಚ್ಚಿಗೆ 12 ವೋಲ್ಟಿನ ಅಡಾಪ್ಟರು ಹಾಕಿದರೆ ಸ್ವಿಚ್ಚು ಸುಟ್ಟುಹೋಗಬಹುದು.

ವಯಸ್ಸಾದ ಅಡಾಪ್ಟರಿನ ಗುಣ ವಿಚಿತ್ರ. ದೀಪ ಉರಿಯುವಷ್ಟು ಶಕ್ತಿ ಕೊಡುತ್ತದೆ, ಕೆಲಸ ಹೆಚ್ಚಾದಾಗ ಸೋಲುತ್ತದೆ. ಮಲ್ಟಿಮೀಟರಿನಲ್ಲಿ ಒಂಟಿಯಾಗಿ ಅಳೆದರೆ ಸರಿಯಾದ ವೋಲ್ಟನ್ನೇ ತೋರಿಸಬಹುದು. ಬೆಳಿಗ್ಗೆ ಸರಿಯಿದ್ದು, ಹನ್ನೊಂದು ಗಂಟೆಗೆ ಎಲ್ಲರೂ ಕೆಲಸ ಆರಂಭಿಸಿದ ಮೇಲೆ ಸ್ವಿಚ್ಚು ತಾನಾಗಿಯೇ ನಿಂತು ಏಳುತ್ತಿದ್ದರೆ, ಹೊಸ ಸ್ವಿಚ್ಚಿಗೆ ಹಣ ಬೇಡುವ ಮೊದಲು ಅಡಾಪ್ಟರನ್ನು ಬದಲಿಸಿ ನೋಡುವುದು ಧರ್ಮ.

ಬಂದ್ ಮಾಡಿ ಹತ್ತು ಸೆಕೆಂಡು ಬಿಟ್ಟು ಚಾಲೂ ಮಾಡಿದರೆ ಸರಿಹೋಗುವುದು ಎಲ್ಲರಿಗೂ ಗೊತ್ತಿರುವ ಮದ್ದು. ಒಮ್ಮೆ ಮಾಡಿದರೆ ತಪ್ಪಿಲ್ಲ. ಆದರೆ ವಾರಕ್ಕೆ ಮೂರು ಸಲ ಇದನ್ನೇ ಮಾಡಬೇಕಾಗಿ ಬಂದರೆ ಅದು ಗುಣವಲ್ಲ, ಜ್ವರ ಇಳಿಸಿ ರೋಗ ಉಳಿಸಿದ ಹಾಗೆ. ಗಿರಣಿ ಕಚೇರಿಗಳಲ್ಲಿ ಇದಕ್ಕೊಂದು ಸ್ಥಳೀಯ ಕಾರಣವಿದೆ. ಹತ್ತಿಯ ನಾರು ಗಾಳಿಯಲ್ಲೇ ಇರುವುದರಿಂದ ಸ್ವಿಚ್ಚಿನ ಗಾಳಿಕಿಂಡಿಗಳಲ್ಲಿ ಅದು ಕಂಬಳಿಯಂತೆ ಕೂಡುತ್ತದೆ. ಒಳಗಿನ ಬಿಸಿ ಹೊರಹೋಗದೆ ಸ್ವಿಚ್ಚು ತಪ್ಪು ಮಾಡತೊಡಗುತ್ತದೆ. ತಿಂಗಳಿಗೊಮ್ಮೆ ವಿದ್ಯುತ್ತು ತೆಗೆದು ಒಣ ಬ್ರಶ್ಶಿನಿಂದ ಗುಡಿಸಬೇಕು. ಖಾಲಿ ಪೋರ್ಟುಗಳನ್ನು ಮುಚ್ಚಿಡಬೇಕು. ಅಡಾಪ್ಟರನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ಗು ತೆಗೆದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ. ಗೋಡೆಯ ಬೋರ್ಡಿನ ಕೆಲಸ ವೈರಮನ್ನನದು, ನಮ್ಮದಲ್ಲ.

6. ಕಂಪ್ಯೂಟರನ್ನೇ ಕೇಳುವುದು

ದೀಪ ಉರಿಯುತ್ತಿದೆ, ಆದರೂ ಕೆಲಸವಿಲ್ಲ ಎಂದಾದರೆ ವಿಂಡೋಸ್ ಕಂಪ್ಯೂಟರಿನ ಹುಡುಕುವ ಜಾಗದಲ್ಲಿ ಸಿ, ಎಂ, ಡಿ ಎಂದು ಬೆರಳಚ್ಚು ಮಾಡಿ ಎಂಟರ್ ಒತ್ತಿರಿ. ಕಪ್ಪು ಪರದೆ ಬರುತ್ತದೆ. ಅದರಲ್ಲಿ ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಎಂದು ಕೂಡಿಸಿ ಬರೆದು ಎಂಟರ್ ಒತ್ತಿದರೆ ಕಂಪ್ಯೂಟರು ತನ್ನ ವಿಳಾಸವನ್ನು ಹೇಳುತ್ತದೆ. "ಮೀಡಿಯಾ ಡಿಸ್‌ಕನೆಕ್ಟೆಡ್" ಎಂದರೆ ತಂತಿಯ ಸಂಬಂಧವೇ ಇಲ್ಲ. ನಾಲ್ಕನೆಯ ಭಾಗಕ್ಕೆ ಮರಳಿರಿ. ವಿಳಾಸ 169.254 ಎಂದು ಆರಂಭವಾದರೆ, ವಿಳಾಸ ಹಂಚುವ ರೌಟರಿನಿಂದ ಉತ್ತರ ಬರಲಿಲ್ಲ, ಕಂಪ್ಯೂಟರು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಪಕ್ಕದವರ ವಿಳಾಸಕ್ಕೂ ಇದಕ್ಕೂ ಮೊದಲ ಮೂರು ಅಂಕಿಗಳೇ ಬೇರೆಯಾಗಿದ್ದರೆ, ಯಾರೋ ಮನೆಯ ಹಳೆಯ ರೌಟರನ್ನು ತಂದು ಜಾಲಕ್ಕೆ ಸೇರಿಸಿ, ಈಗ ಇಬ್ಬರು ವಿಳಾಸ ಹಂಚುತ್ತಿರಬಹುದು.

ಅದೇ ಪರದೆಯಲ್ಲಿ "ಡಿಫಾಲ್ಟ್ ಗೇಟ್‌ವೇ" ಎಂಬ ಸಾಲಿನ ಮುಂದೆ ರೌಟರಿನ ವಿಳಾಸವಿರುತ್ತದೆ, ಉದಾಹರಣೆಗೆ 192.168.1.1. ಈಗ ಪಿ, ಐ, ಎನ್, ಜಿ ಎಂದು ಬರೆದು, ಒಂದು ಖಾಲಿ ಜಾಗ ಬಿಟ್ಟು, ಆ ವಿಳಾಸವನ್ನು ಬರೆಯಿರಿ. ಇದು "ಇದ್ದೀರಾ?" ಎಂದು ಬಾಗಿಲಲ್ಲಿ ನಿಂತು ಕರೆದಂತೆ. ಉತ್ತರ ಬಂದರೆ ಇಲ್ಲಿಂದ ರೌಟರಿನವರೆಗೆ ದಾರಿ ಸರಿಯಾಗಿದೆ. ದೋಷ ಆಚೆ ಇದೆ. ಬಾರದಿದ್ದರೆ ಈಚೆ ಇದೆ.

ಆಗಾಗ ಬಂದು ಹೋಗುವ ದೋಷಕ್ಕೆ ಇದೇ ಮದ್ದಿನ ಇನ್ನೊಂದು ರೂಪವಿದೆ. ವಿಳಾಸದ ನಂತರ ಖಾಲಿ ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಚಿಕ್ಕ ಟಿ ಅಕ್ಷರ ಸೇರಿಸಿದರೆ ಕಂಪ್ಯೂಟರು ನಿಲ್ಲಿಸದೆ ಕರೆಯುತ್ತಲೇ ಇರುತ್ತದೆ. ಒಬ್ಬರು ಪರದೆ ನೋಡುತ್ತಿರಲಿ, ಇನ್ನೊಬ್ಬರು ಕೇಬಲ್ಲನ್ನು ಗೇಣು ಗೇಣಾಗಿ ಮೆಲ್ಲನೆ ಅಲುಗಿಸುತ್ತ ಹೋಗಲಿ. ಯಾವ ಜಾಗ ಅಲುಗಿದಾಗ ಉತ್ತರ ತಪ್ಪಿತೋ ಅಲ್ಲೇ ದೋಷ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಕರೆ ನಿಲ್ಲುತ್ತದೆ.

7. ಸುತ್ತು ಬಿದ್ದ ವೈರು

ಒಂದು ವಿಶೇಷ ದೋಷವನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ಇದರಲ್ಲಿ ಯಾವ ಸಾಮಾನೂ ಕೆಟ್ಟಿರುವುದಿಲ್ಲ, ಆದರೂ ಇಡೀ ಕಚೇರಿ ನಿಲ್ಲುತ್ತದೆ. ನೇತಾಡುತ್ತಿದ್ದ ಕೇಬಲ್ಲಿನ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಅದೇ ಸ್ವಿಚ್ಚಿನ ಇನ್ನೊಂದು ಪೋರ್ಟಿಗೆ ಸಿಕ್ಕಿಸುತ್ತಾರೆ. ಎಲ್ಲರಿಗೂ ಸಾರಬೇಕಾದ ಒಂದು ಸಂದೇಶ ಒಂದು ಪೋರ್ಟಿನಿಂದ ಹೊರಟು ಇನ್ನೊಂದರಿಂದ ಒಳಬಂದು, ಮತ್ತೆ ಹೊರಟು, ಕೊನೆಯಿಲ್ಲದೆ ಸುತ್ತುತ್ತದೆ. ಕ್ಷಣದಲ್ಲಿ ಜಾಲ ತುಂಬಿಹೋಗುತ್ತದೆ. ಲಕ್ಷಣ: ಎಲ್ಲ ಪೋರ್ಟುಗಳ ದೀಪಗಳೂ ಒಟ್ಟಾಗಿ ಹುಚ್ಚು ಹಿಡಿದಂತೆ ಮಿಣುಕುತ್ತವೆ, ಯಾರದೂ ಕೆಲಸ ನಡೆಯದು. ಪರಿಹಾರ: ಕೇಬಲ್ಲುಗಳಿಗೆ ಗುರುತು ಹಾಕಿ ಒಂದೊಂದಾಗಿ ತೆಗೆಯಿರಿ, ಯಾವುದನ್ನು ತೆಗೆದಾಗ ಮಿಣುಕು ಶಾಂತವಾಯಿತೋ ಅದರ ಇನ್ನೊಂದು ತುದಿ ಎಲ್ಲಿದೆ ನೋಡಿರಿ.

ಇಂಥ ಸುತ್ತನ್ನು ಸ್ವಿಚ್ಚುಗಳೇ ಕಂಡುಹಿಡಿದು ಕತ್ತರಿಸುವ ಉಪಾಯವನ್ನು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985ರಲ್ಲಿ ರೂಪಿಸಿದರು. ಆದರೆ ಅಗ್ಗದ ಚಿಕ್ಕ ಸ್ವಿಚ್ಚುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಇರುವ ಕಡೆಯೂ ಮಿತಿ ಮೀರಿದರೆ ಕೈಕೊಡುತ್ತದೆ. 2002ರ ನವೆಂಬರಿನಲ್ಲಿ ಅಮೆರಿಕದ ಬೋಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯ ಜಾಲ ಇಂಥದೇ ತೊಡಕಿನಿಂದ ಕೆಲವು ದಿನ ಕುಸಿದು, ವೈದ್ಯರೂ ದಾದಿಯರೂ ಕಾಗದದ ಚೀಟಿಗೆ ಮರಳಬೇಕಾಯಿತು. ಅಂಥ ಸಂಸ್ಥೆಯೇ ನಿಂತಿದೆಯೆಂದ ಮೇಲೆ ಒಬ್ಬ ಸಿಪಾಯಿ ವೈರು ಸಿಕ್ಕಿಸಿದನೆಂದು ಅವನನ್ನು ಕೆಲಸದಿಂದ ತೆಗೆಯುವುದು ನ್ಯಾಯವಲ್ಲ. ನೇತಾಡುವ ತುದಿಗೆ "ಸಿಕ್ಕಿಸಬೇಡಿ" ಎಂದು ಚೀಟಿ ಕಟ್ಟದಿದ್ದುದೇ ನಿಜವಾದ ದೋಷ.

8. ಒಂದು ಉದಾಹರಣೆ

ನಾವು ಬಲ್ಲ ಒಂದು ಕಾರ್ಖಾನೆಯಲ್ಲಿ ಗೇಟಿನ ಬಳಿ ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರವಿದೆ. ಅದರಿಂದ ಒಂದು ಕೇಬಲ್ಲು ಕಚೇರಿಗೆ ಬರುತ್ತದೆ. ಕಚೇರಿಯ ಕಂಪ್ಯೂಟರು ದಿನಕ್ಕೊಮ್ಮೆ, ಬೆಳಗಿನ 5 ಗಂಟೆಗೆ, ಯಂತ್ರದಿಂದ ಹಾಜರಿಯನ್ನು ಎಳೆದುಕೊಳ್ಳುತ್ತಿತ್ತು. ಒಂದು ತಿಂಗಳ ಕೊನೆಯಲ್ಲಿ ರಾತ್ರಿ ಪಾಳಿಯ ಕೆಲವರಿಗೆ ಮೂರು ರಾತ್ರಿಗಳ ಗೈರುಹಾಜರಿ ಬಿತ್ತು. ಪಗಾರದಲ್ಲಿ ಮೂರು ದಿನದ ಹಣ ಕಡಿತವಾಯಿತು. ಬಂದಿದ್ದೆವು, ಹೆಬ್ಬೆಟ್ಟು ಒತ್ತಿದ್ದೆವು ಎಂದು ಅವರೆಲ್ಲ ಹೇಳಿದರು. ಹಗಲಿನಲ್ಲಿ ಯಂತ್ರವನ್ನು ಪರೀಕ್ಷಿಸಿದಾಗ ದೀಪ ಉರಿಯುತ್ತಿತ್ತು, ಪಿಂಗಿಗೆ ಉತ್ತರವೂ ಬರುತ್ತಿತ್ತು. "ಯಂತ್ರ ಸರಿಯಾಗಿದೆ, ಆದ್ದರಿಂದ ಆಳುಗಳೇ ಸುಳ್ಳು ಹೇಳುತ್ತಿದ್ದಾರೆ" ಎಂದು ಮೇಲಿನವರು ತೀರ್ಮಾನಿಸಿದರು.

ಅಲ್ಲಿನ ಕಾರಕೂನರೊಬ್ಬರು ಮಾತ್ರ ಎರಡನೆಯ ಭಾಗದಲ್ಲಿ ಹೇಳಿದ ಪ್ರಶ್ನೆಯನ್ನು ಕೇಳಿದರು: ಯಾವಾಗಿನಿಂದ, ಏನು ಬದಲಾಯಿತು? ಆ ಮೂರು ದಿನಗಳ ಹಿಂದೆಯಷ್ಟೇ ಕಚೇರಿಯ ಕಬ್ಬಿಣದ ಶಟರಿಗೆ ಹೊಸ ಅಗುಳಿ ಹಾಕಿಸಿದ್ದರು. ಅವರು ಬೆಳಗಿನ 5 ಗಂಟೆಗೇ ಬಂದು, ಶಟರನ್ನು ಎಳೆದಿದ್ದ ಹಾಗೆಯೇ ಬಿಡಿಸಿ, ಒಳಗಿನಿಂದ ಪರೀಕ್ಷಿಸಿದರು. ಪಿಂಗಿಗೆ ಉತ್ತರವಿಲ್ಲ. ಶಟರು ಮೇಲೆತ್ತಿಸಿದರು, ಉತ್ತರ ಬಂತು. ಅಗುಳಿ ಕೆಳಗಿಳಿದಾಗ ಗೋಡೆಯ ಅಂಚಿನ ಕೇಬಲ್ಲನ್ನು ಹಿಸುಕುತ್ತಿತ್ತು. ಹಗಲಿನಲ್ಲಿ ಶಟರು ಮೇಲಿರುವುದರಿಂದ ಎಷ್ಟು ಪರೀಕ್ಷಿಸಿದರೂ ದೋಷ ಕಾಣುವಂತಿರಲಿಲ್ಲ.

ಅವರು ಕೇಬಲ್ಲು ಬದಲಿಸುವುದಕ್ಕೂ ಮೊದಲು ಮಾಡಿದ ಕೆಲಸ ಇನ್ನೂ ದೊಡ್ಡದು. ಇಂಥ ಯಂತ್ರಗಳು ಸಾಮಾನ್ಯವಾಗಿ ಪ್ರತಿಯೊಂದು ಒತ್ತನ್ನೂ ಸಮಯಸಹಿತ ತಮ್ಮೊಳಗಿನ ನೆನಪಿನಲ್ಲೇ ಇಟ್ಟುಕೊಳ್ಳುತ್ತವೆ. ಕೇಬಲ್ಲು ಕಡಿದರೂ ಅದು ಅಳಿಯುವುದಿಲ್ಲ. ಅವರು ಆ ಮೂರು ರಾತ್ರಿಗಳ ದಾಖಲೆಯನ್ನು ಯಂತ್ರದಿಂದಲೇ ತೆಗೆಸಿ, ಮುದ್ರಿಸಿ, ಸಾಹೇಬರ ಮೇಜಿನ ಮೇಲಿಟ್ಟರು. ಎಲ್ಲರ ಹೆಬ್ಬೆಟ್ಟೂ ಅದರಲ್ಲಿತ್ತು. ಕಡಿತವಾದ ಹಣ ಮರಳಿ ಬಂತು.

ಇದನ್ನು ಕಾರ್ಮಿಕ ಬಂಧುಗಳು ವಿಶೇಷವಾಗಿ ನೆನಪಿಡಬೇಕು. ಹಾಜರಿ ಬಿದ್ದಿಲ್ಲವೆಂದು ಪಗಾರ ಕಡಿದರೆ, "ಕಚೇರಿಯ ಪಟ್ಟಿಯಲ್ಲ, ಯಂತ್ರದೊಳಗಿನ ದಾಖಲೆಯನ್ನು ನೋಡಿರಿ" ಎಂದು ಕೇಳಿರಿ. ತಡಮಾಡಬಾರದು, ನೆನಪು ತುಂಬಿದ ಮೇಲೆ ಹಳೆಯದನ್ನು ಅಳಿಸಿಬಿಡುವುದುಂಟು. ಕಾರಕೂನ ಬಂಧುಗಳು ಯಂತ್ರವನ್ನು ರಿಪೇರಿಗೆ ಕಳುಹಿಸುವ ಮೊದಲು ಅದರ ದಾಖಲೆಯನ್ನು ತೆಗೆದಿಡತಕ್ಕದ್ದು.

9. ಒಂದು ವಹಿ

ಕೊನೆಯದಾಗಿ, ಸ್ವಿಚ್ಚಿನ ಪಕ್ಕದಲ್ಲಿ ಎರಡಾಣೆಯ ದಾರದಲ್ಲಿ ಕಟ್ಟಿದರೂ ಸರಿ, ಒಂದು ನೋಟುಬುಕ್ಕು ನೇತಾಡುತ್ತಿರಲಿ. ಮೊದಲ ಪುಟದಲ್ಲಿ ಯಾವ ಪೋರ್ಟು ಯಾವ ಮೇಜಿಗೆ ಎಂಬ ಪಟ್ಟಿ. ಮುಂದಿನ ಪುಟಗಳಲ್ಲಿ ತಾರೀಖು, ವೇಳೆ, ಲಕ್ಷಣ, ಬದಲಿಸಿದ ವಸ್ತು, ಫಲ. ಕೇಬಲ್ಲಿನ ಎರಡು ತುದಿಗಳಿಗೂ ಒಂದೇ ಅಂಕಿಯ ಚೀಟಿ ಅಂಟಿಸಿರಿ. ಕೆಟ್ಟ ಕೇಬಲ್ಲನ್ನು ಅಲ್ಲೇ ಕತ್ತರಿಸಿ ಎಸೆಯಿರಿ; ಮೂಲೆಯಲ್ಲಿಟ್ಟರೆ ಆರು ತಿಂಗಳ ಮೇಲೆ ಯಾರೋ ಒಳ್ಳೆಯದೆಂದು ತೆಗೆದು ಹಾಕುತ್ತಾರೆ. ಒಂದು ಬದಲಿ ಅಡಾಪ್ಟರು, ಎರಡು ಬದಲಿ ಕೇಬಲ್ಲು, ಒಂದು ಟೆಸ್ಟರು, ಇಷ್ಟು ಕಪಾಟಿನಲ್ಲಿದ್ದರೆ ಚಿಕ್ಕ ಕಚೇರಿ ರಿಪೇರಿಯವನ ನಾಳೆಗಾಗಿ ಕಾಯಬೇಕಾಗುವುದು ಅಪರೂಪ. ವಹಿಯಲ್ಲಿ ಬರೆದಿದ್ದರೆ ತಪ್ಪು ವಸ್ತುವಿನದೆಂದು ತೋರಿಸಬಹುದು. ಬರೆಯದಿದ್ದರೆ ಅದು ಮನುಷ್ಯನ ತಲೆಗೇ ಬರುತ್ತದೆ.

ಅಭ್ಯಾಸ

ಕೆಳಗಿನ ಪ್ರಶ್ನೆಗಳ ಉತ್ತರ ಪಾಠದಲ್ಲೇ ಇದೆ. ಬರೆದು ನೋಡಿರಿ.

1. ಎಂಟು ಜನರ ಕೋಣೆಯಲ್ಲಿ ಎಲ್ಲರಿಗೂ ಇಂಟರ್‌ನೆಟ್ಟಿಲ್ಲ, ಪ್ರಿಂಟರು ಮಾತ್ರ ನಡೆಯುತ್ತಿದೆ. ಮೊದಲು ಯಾವುದನ್ನು ನೋಡುವಿರಿ?

2. ಟೆಸ್ಟರಿನಲ್ಲಿ ಎಂಟು ದೀಪಗಳೂ ಸಾಲಾಗಿ ಉರಿದವು, ಆದರೂ 60 ಮೀಟರಿನ ಕೇಬಲ್ಲಿನಲ್ಲಿ ಕೆಲಸ ಕುಂಟುತ್ತಿದೆ. ಕನೆಕ್ಟರಿನಲ್ಲಿ ಏನನ್ನು ನೋಡಬೇಕು?

3. ಸ್ವಿಚ್ಚಿನ ಅಡಾಪ್ಟರಿನ ಮೇಲೆ 9 ವೋಲ್ಟು, 0.6 ಆಂಪಿಯರು ಎಂದಿದೆ. ನಿಮ್ಮಲ್ಲಿ 9 ವೋಲ್ಟು 1 ಆಂಪಿಯರಿನದೂ, 12 ವೋಲ್ಟು 0.6 ಆಂಪಿಯರಿನದೂ ಇವೆ. ಯಾವುದನ್ನು ಹಾಕಬಹುದು? ಹಾಕುವ ಮೊದಲು ಇನ್ನೇನನ್ನು ನೋಡಬೇಕು?

4. ಒಬ್ಬರ ವಿಳಾಸ 169.254 ಎಂದು ಆರಂಭವಾಗಿದೆ, ಪಕ್ಕದವರದು ಸರಿಯಾಗಿದೆ. ಒಂದು ಸಲಕ್ಕೆ ಒಂದೇ ವಸ್ತು ಎಂಬ ನಿಯಮದಂತೆ ನಿಮ್ಮ ಮೊದಲ ಮೂರು ಹೆಜ್ಜೆಗಳನ್ನು ಬರೆಯಿರಿ.

ಕನೆಕ್ಟರು ಹಾಕುವುದನ್ನು ಕೈಯಿಂದಲೇ ಕಲಿಯಬೇಕು, ಓದಿ ಬರುವುದಿಲ್ಲ. ವಾಚನಾಲಯದ ಕಪಾಟಿನಲ್ಲಿ ಒಂದು ಕ್ರಿಂಪಿಂಗ್ ಇಕ್ಕಳ, ಟೆಸ್ಟರು ಮತ್ತು ತುಂಡು ಕೇಬಲ್ಲುಗಳನ್ನು ಇಟ್ಟಿದ್ದೇವೆ. ಭಾನುವಾರ ಬಂದವರು ಕೇಳಿ ತೆಗೆದುಕೊಂಡು, ಮೇಜಿನ ಮೇಲೆ ಅಭ್ಯಾಸ ಮಾಡಿ, ಕತ್ತರಿಸಿದ ಚೂರುಗಳನ್ನು ಗುಡಿಸಿ, ಮರಳಿ ಅದೇ ಜಾಗದಲ್ಲಿಡಬೇಕಾಗಿ ವಿನಂತಿ.